ಇಪ್ಪತ್ತಮೂರು ಇಂಚಿನ ಕಾರು

ಈಗಿನ ಕಾರುಗಳ ಮೇಲೆ ನನಗೆ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚುಮರೆ ಬೇಡ. ನಾನು ತೀರ್ಥಹಳ್ಳಿಯಲ್ಲಿ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುವವನು. ಕಿಸೆಯೇ ಇಲ್ಲದ ಕಡೆ ಬರೀ ಕಿಸೆಯ ಮುಚ್ಚಳ ಹೊಲಿದುಕೊಟ್ಟರೆ ಗಿರಾಕಿ ಅಂಗಿಯನ್ನು ನನ್ನ ಮುಖದ ಮೇಲೆ ಎಸೆದು ಹೋಗುತ್ತಾನೆ. ಕಾರು ಮಾಡುವವರು ಮಾಡುವುದು ಅದನ್ನೇ. ಗಾಳಿ ಹೋಗದ ಕಡೆ ಗಾಳಿಕಿಂಡಿಯ ಆಕಾರ, ಕೆಳಗೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್ಕು, ಮುಂದೆ ಯಾರಿಗೋ ಹೊಡೆಯಲು ಹೊರಟಂಥ ಮುಖ. ಜನ ಅದನ್ನು ತಿಂಗಳುಗಟ್ಟಲೆ ಕಾದು ತರುತ್ತಾರೆ.

ಅಂಥ ನಾನೂ ಕಳೆದ ವರ್ಷ ಹೊಸ ಕಾರು ಕೊಂಡೆ. ಕೊಂಡಿದ್ದು ಅಕ್ಕನಿಗಾಗಿ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ನಮ್ಮ ಜೊತೆಗೇ ಇರುವವಳು. ಅಂಗಡಿಯ ಕಾಜಾ, ಗುಂಡಿ ಎಲ್ಲ ಅವಳ ಕೈಯದೇ. ಮಂಡಿಯ ಆಪರೇಷನ್ ಆದಮೇಲೆ ನಡೆಯಲು ತೊಂದರೆಯಿಲ್ಲ, ಆದರೆ ಕೆಳಗೆ ಕೂತರೆ ಏಳಲಾಗದು, ಎತ್ತರಕ್ಕೆ ಹತ್ತಲಾಗದು. ನಮ್ಮ ಹಳೆಯ ಕಾರಿನಲ್ಲಿ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಸರಿ, ಸಾಗರದ ಒಂದು ಮದುವೆಗೆ ನೆಂಟರ ದೊಡ್ಡ ಕಾರಿನಲ್ಲಿ ಹೋದಳು. ಛತ್ರದ ಬಾಗಿಲಲ್ಲಿ ಇಬ್ಬರು ಗಂಡಸರು ಕಂಕುಳಿಗೆ ಕೈಕೊಟ್ಟು ಅಕ್ಕಿಮೂಟೆಯ ಹಾಗೆ ಇಳಿಸಿದರು. ಸೆರಗು ಜಾರಿತು. ಯಾರೋ ನಕ್ಕರು. ಮನೆಗೆ ಬಂದವಳೇ, ನಾನೇ ಹತ್ತಿ ನಾನೇ ಇಳಿಯುವಂಥ ಗಾಡಿ ಬರುವ ತನಕ ಈ ಊರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅಂದಳು. ಒಂದೂವರೆ ವರ್ಷ ಹೋಗಲೂ ಇಲ್ಲ.

ಅಷ್ಟರಲ್ಲಿ ಹೊಸನಗರದಿಂದ ಅವಳ ಶಾಲೆಯ ಕಾಲದ ಗೆಳತಿಯ ಫೋನು. ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶಕ್ಕೆ ಎರಡು ತಿಂಗಳಿದೆ, ನೀನು ಬರದೆ ನಾನು ಹಾಲು ಉಕ್ಕಿಸುವುದಿಲ್ಲ ಎಂದರಂತೆ. ಅಕ್ಕ ಫೋನಿಟ್ಟು ಸುಮ್ಮನೆ ಅತ್ತಳು. ಅವಳು ಅತ್ತಿದ್ದನ್ನು ನಾನು ಕಂಡಿದ್ದೇ ಅಪರೂಪ, ನನ್ನ ಕೈಲಿ ನೋಡಲಾಗಲಿಲ್ಲ.

ಮಾರನೆಯ ದಿನವೇ ಟೇಪು ಹಿಡಿದೆ. ಅಕ್ಕ ದಿನಾ ಸಂಜೆ ಜಗಲಿಕಟ್ಟೆಯ ಮೇಲೆ ಕೂರುತ್ತಾಳೆ, ಯಾರ ಹಂಗೂ ಇಲ್ಲದೆ ಏಳುತ್ತಾಳೆ. ಕಟ್ಟೆಯ ಎತ್ತರ ಇಪ್ಪತ್ತಮೂರು ಇಂಚು. ಸೀಟು ಇಪ್ಪತ್ತಮೂರು ಇಂಚು ಎತ್ತರದಲ್ಲಿರುವ ಕಾರು ಎಲ್ಲಿದ್ದರೂ ತರುತ್ತೇನೆ ಎಂದು ಹೊರಟೆ.

ಶೋರೂಮುಗಳಲ್ಲಿ ನನ್ನನ್ನು ನೋಡಿ ನಕ್ಕವರೆಷ್ಟೋ. ಎಲ್ಲರೂ ಮೈಲೇಜು ಕೇಳುತ್ತಿದ್ದರೆ ನಾನು ಬಾಗಿಲು ತೆಗೆದು ಮಂಡಿಯೂರಿ ಟೇಪು ಹಿಡಿಯುತ್ತಿದ್ದೆ. ಒಂದು ಹತ್ತೊಂಬತ್ತು, ಒಂದು ಇಪ್ಪತ್ತೆಂಟು. ಊರಿನ ಅಕ್ಕಂದಿರ ಮಂಡಿ ಎಷ್ಟೆತ್ತರಕ್ಕಿದೆ ಎಂದು ಇವರಲ್ಲಿ ಯಾರೂ ಕೇಳಿಲ್ಲವಾ ಹಾಗಾದರೆ? ಒಂದು ಕಡೆ ಸೇಲ್ಸಿನ ಹುಡುಗಿ ಸನ್‌ರೂಫ್ ತೋರಿಸಿದಳು. ಒಳ್ಳೆಯ ಹುಡುಗಿ, ಪಾಪ, ಆನಂದಪುರದವಳು. ಮೇಗರವಳ್ಳಿ ಕಡೆ ಮಳೆಗಾಲದಲ್ಲಿ ಬಂದಿದ್ದೀಯಾ ತಂಗಿ ಎಂದು ಕೇಳಿದೆ. ಅಲ್ಲಿ ನಾವು ತಲೆಯ ಮೇಲಿನ ತೂತು ಮುಚ್ಚಿಸಲು ದುಡ್ಡು ಕೊಡುತ್ತೇವೆ, ತೆಗೆಸಲಿಕ್ಕಲ್ಲ ಅಂದೆ. ಅವಳೂ ನಕ್ಕಳು, ಮ್ಯಾನೇಜರ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

ಬೆಲೆಯ ಮಾತಂತೂ ಕೇಳಲೇಬೇಡಿ. ಒಂದೇ ತಾನಿನ ಬಟ್ಟೆ, ಒಂದೇ ಅಳತೆ, ಗುಂಡಿ ಬದಲಾಯಿಸಿ ಟಾಪ್ ಎಂಡ್ ಎಂದು ಲಕ್ಷಗಟ್ಟಲೆ ಜಾಸ್ತಿ. ಕಮ್ಮಿಯದರಲ್ಲಿ ಎಸಿಗೆ ತಿರುಗಿಸುವ ಗುಬುಟು ಇದೆ, ಕೈಗೆ ತಾನೇ ಸಿಗುತ್ತದೆ. ಜಾಸ್ತಿಯದರಲ್ಲಿ ಗಾಜು ಒತ್ತಬೇಕು, ಒತ್ತುವಾಗ ರಸ್ತೆ ಬಿಟ್ಟು ಗಾಜು ನೋಡಬೇಕು. ಹೊಗಳಬೇಕಾದ್ದನ್ನೂ ಹೊಗಳುತ್ತೇನೆ. ಹಿಂದೆ ಬರುವಾಗ ಕೋಳಿ ಕೂತರೂ ಕಾಣಿಸುವ ಕ್ಯಾಮೆರಾ ನೋಡಿ ಖುಷಿಯಾಯಿತು. ಘಾಟಿಯಲ್ಲಿ ಬ್ರೇಕ್ ಬಿಟ್ಟರೂ ಗಾಡಿ ಹಿಂದಕ್ಕೆ ಜಾರದೆ ನಿಲ್ಲುವುದನ್ನು ಕಂಡು, ಮಾಡಿದವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಕೊನೆಗೆ ಸಾಗರದಲ್ಲಿ ಸಿಕ್ಕಿತು. ಬೆಂಕಿಪೊಟ್ಟಣದಂಥ ಕಾರು, ಮೂಲೆಯಲ್ಲಿ ನಿಂತಿತ್ತು, ಅದರ ಜೊತೆ ಯಾರೂ ಫೋಟೊ ತೆಗೆಸಿಕೊಳ್ಳುತ್ತಿರಲಿಲ್ಲ. ಟೇಪು ಹಿಡಿದರೆ ಕರಾರುವಾಕ್ಕಾಗಿ ಇಪ್ಪತ್ತಮೂರು. ಅಲ್ಲೇ ಬುಕ್ ಮಾಡಿದೆ, ಎಲ್ಲಕ್ಕಿಂತ ಕಮ್ಮಿಯ ಮಾಡೆಲ್ಲು.

ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ಕಾರು ಮನೆಗೆ ಬಂತು. ಹೆಂಡತಿ ಆರತಿ ಹಿಡಿದು ಹೊರಗೆ ಬಂದವಳು ನಿಂತೇಬಿಟ್ಟಳು. ಬೇಕರಿ ಗಾಡಿ ತಂದ್ರಾ ಎಂದು ಕೇಳಿದಳು. ಅಕ್ಕ ಬಂದಳು, ಬೆನ್ನು ತಿರುಗಿಸಿದಳು, ಜಗಲಿಕಟ್ಟೆಯ ಮೇಲೆ ಕೂತಷ್ಟೇ ಸಲೀಸಾಗಿ ಕೂತಳು. ಕಾಲು ಒಳಗೆ ತೆಗೆದುಕೊಂಡಳು. ಅವಳ ಮುಖ ನೋಡಿ ನನಗೆ ಎದೆ ಎರಡಂಗುಲ ಉಬ್ಬಿತು.

ಆಮೇಲೆ ಇಳಿಯಲು ಹೊರಟಳು. ಆಗಲಿಲ್ಲ. ಇನ್ನೊಂದು ಸಲ ಬಾಗಿಲು ಹಿಡಿದು ನೋಡಿದಳು, ಅರ್ಧಕ್ಕೆದ್ದು ಹಾಗೇ ಕುಸಿದಳು.

ಓಡಿಹೋಗಿ ಟೇಪು ತಂದೆ. ಅಕ್ಕ ಕೂತಿದ್ದಾಗ ಸೀಟು ಇಪ್ಪತ್ತೊಂದು ಇಂಚು! ಅಯ್ಯೋ ನನ್ನ ಕರ್ಮವೇ ಅಂತ ಹಣೆ ಚಚ್ಚಿಕೊಂಡೆ. ಪ್ಯಾಂಟು ಹೊಲಿಯುವಾಗ ಗಿರಾಕಿಯನ್ನು ಒಂದು ಸಲ ಕೂರಿಸಿ ನೋಡು ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಬೈದು ಬೈದು ಹೇಳಿದವನು ನಾನು. ಆದರೆ ಖಾಲಿ ಸೀಟಿಗೆ ಟೇಪು ಹಿಡಿದು ಕಾರು ತಂದಿದ್ದೆ. ಕಟ್ಟೆ ಕುಗ್ಗುವುದಿಲ್ಲ, ಸೀಟು ಕುಗ್ಗುತ್ತದೆ. ಸೀಟು ಮಾಡಿದವನನ್ನು ಬೈದೆ, ಮೆತ್ತಗಿದೆ ಎಂದು ಹೊಗಳಿದವರನ್ನು ಬೈದೆ, ಕೊನೆಗೆ ಬೈಯಲು ನಾನೊಬ್ಬನೇ ಉಳಿದೆ. ಮೂರು ದಿನದಲ್ಲಿ ಇನ್ನೊಂದು ಕಾರು ಎಲ್ಲಿಂದ ತರಲಿ?

ಅಕ್ಕ ಒಳಗೆ ಕೂತು ನಗುತ್ತಿದ್ದಳು.

"ಎಂತಕ್ಕೆ ಮುಖ ಊದಿಸ್ಕಂಡಿದೀಯ ಮಾರಾಯ? ಅಡುಗೆಮನೆಗೆ ಹೋಗಿ ನನ್ನ ಮಣೆ ತಗಂಬಾ."

ಊಟಕ್ಕೆ ಕೂರುವ ಹಲಸಿನ ಮಣೆ. ಆಪರೇಷನ್ ಆದಾಗಿನಿಂದ ಗೋಡೆಗೆ ಒರಗಿ ನಿಂತಿತ್ತು. ಅಳೆದರೆ ಅದರ ದಪ್ಪ ಎರಡಿಂಚು. ನಾನೂ ಹೆಂಡತಿಯೂ ಅಕ್ಕನನ್ನು ಎಬ್ಬಿಸಿ ಇಳಿಸಿದೆವು. ಇನ್ನೊಬ್ಬರು ಎಬ್ಬಿಸುವುದು ಇದೇ ಕೊನೆ ಎಂದಳು ಅಕ್ಕ. ಸೀಟಿನ ಮೇಲೆ ಮಣೆ ಇಟ್ಟೆ, ಕೂತಳು, ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಐದಾರು ಸಲ ಹಾಗೇ ಮಾಡಿದಳು, ಸಣ್ಣ ಹುಡುಗಿಯ ಹಾಗೆ. ಆವತ್ತೇ ಸೀಟಿನ ಬಣ್ಣದ್ದೇ ಬಟ್ಟೆ ಹುಡುಕಿ ಮಣೆಗೆ ಗವಸು ಹೊಲಿದೆ, ಜಾರದ ಹಾಗೆ ನಾಲ್ಕು ಲಾಡಿ ಹಾಕಿ ಬಿಗಿದು ಕಟ್ಟಿದೆ. ನನ್ನ ಜೀವಮಾನದಲ್ಲಿ ಅಷ್ಟು ನೀಟಾದ ಹೊಲಿಗೆ ಇನ್ನೊಂದು ಬಿದ್ದಿಲ್ಲ.

ಹೊಸನಗರದ ಆ ಮನೆಯ ಮುಂದೆ ಚಪ್ಪರದ ತುಂಬ ಜನ. ಕಾರು ನಿಂತದ್ದೇ ಇಬ್ಬರು ಗಂಡಸರು ಕೈ ಚಾಚಿಕೊಂಡು ಬಂದರು. ಅಕ್ಕ ಅಂಗೈ ಎತ್ತಿ ತಡೆದಳು.

"ಯಾರೂ ಮುಟ್ಬೇಡಿ."

ಎರಡೂ ಕಾಲು ಹೊರಗೆ ಇಟ್ಟಳು, ಬಾಗಿಲಿಗೆ ಕೈಕೊಟ್ಟು ಎದ್ದು ನಿಂತಳು. ನೆರಿಗೆ ಸರಿಮಾಡಿಕೊಂಡಳು. ನಾನು ಸ್ಟೀರಿಂಗು ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ. ಬಾಗಿಲಲ್ಲೇ ಕಾಯುತ್ತಿದ್ದ ಗೆಳತಿ ಎದುರು ಬಂದು, ಹಾಲಿನ್ನೂ ಒಲೆಗೆ ಇಟ್ಟಿಲ್ಲ ಕಣೇ ಎಂದರು.

ಕೈ ಚಾಚಿ ಬಂದಿದ್ದವರಲ್ಲಿ ಒಬ್ಬರು ಬೆಂಕಿಪೊಟ್ಟಣವನ್ನು ಒಂದು ಸುತ್ತು ಹಾಕಿ, ಎಷ್ಟು ಬಿತ್ತು ಎಂದು ನನ್ನನ್ನು ಕೇಳಿದರು. ಅಕ್ಕ ತಿರುಗಿ ನೋಡಿದಳು.

"ಮಣೆ ಸೇರಿಸಿ ಹೇಳ್ಬೇಕಾ, ಬಿಟ್ಟು ಹೇಳ್ಬೇಕಾ?"

ಅವರಿಗೆ ಏನೂ ತಿಳಿಯಲಿಲ್ಲ. ಅಕ್ಕ ಗೆಳತಿಯ ಕೈಯನ್ನು ತಾನೇ ಹಿಡಿದುಕೊಂಡು ಒಳಗೆ ಹೋದಳು.