ಸನಾದಿ ಯಲ್ಲಪ್ಪನಿಗೆ ನಾನು ಬರೆದ ಶ್ರದ್ಧಾಂಜಲಿ

೧೯೯೭ರ ಏಪ್ರಿಲ್. ನಾನು ಬಾನುಲಿ ನಿಲಯವೊಂದರಲ್ಲಿ ಕಾರ್ಯಕ್ರಮ ನಿರ್ವಾಹಕನಾಗಿದ್ದೆ. ತುಮಕೂರಿನ ಕಡೆಯವನು, ಈ ಸೀಮೆಗೆ ವರ್ಗವಾಗಿ ಬಂದು ಆರು ವಾರವಾಗಿತ್ತು. ಕನ್ನಡ ಎಲ್ಲಿದ್ದರೂ ಕನ್ನಡವೇ ತಾನೆ, ನನಗೇನು ಕಷ್ಟ ಎಂಬ ಜಂಬದಲ್ಲಿದ್ದೆ.

ಟೀವಿ ಬಂದಿದ್ದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೆಳಗಿನ ಹೊತ್ತು ಇನ್ನೂ ರೇಡಿಯೋದ್ದೇ ಆಗಿತ್ತು. ಬೈಲಹೊಂಗಲದ ಜವಳಿ ವ್ಯಾಪಾರಿಯೊಬ್ಬರು ಮದುವೆ ಸುಗ್ಗಿಗೆಂದು ಭಾನುವಾರ ಬೆಳಗಿನ ಎಂಟೂವರೆಯ ಅರ್ಧ ಗಂಟೆಯನ್ನು ಹದಿಮೂರು ವಾರಕ್ಕೆ ತೆಗೆದುಕೊಂಡಿದ್ದರು. ಇಂಥದ್ದನ್ನು ನಾವು ಪ್ರಾಯೋಜಿತ ಕಾರ್ಯಕ್ರಮ ಎನ್ನುತ್ತಿದ್ದೆವು. ಮೊದಲಿಗೆ ಒಂದು ನಿಮಿಷ ಅವರ ಅಂಗಡಿಯ ಹೆಸರು, ಕೊನೆಗೊಂದು ನಿಮಿಷ ಮತ್ತೆ ಅದೇ ಹೆಸರು, ನಡುವಿನ ಇಪ್ಪತ್ತೆಂಟು ನಿಮಿಷ ಕಚೇರಿ ಸಂಗೀತ. ಮದುವೆ ಬಟ್ಟೆ ಮಾರುವವರಾದ್ದರಿಂದ ಸನಾದಿಯೇ ಆಗಬೇಕು ಎಂದು ಅವರು ಹಟ ಹಿಡಿದರು. ನಮ್ಮ ಕಡೆ ಶಹನಾಯಿ ಎನ್ನುವುದನ್ನೇ ಅಲ್ಲಿ ಸನಾದಿ ಎನ್ನುತ್ತಾರೆ.

ಮುರಗೋಡದ ಯಲ್ಲಪ್ಪ ಸಿಕ್ಕಿದ್ದು ಹಾಗೆ. ಐವತ್ತರ ಆಸುಪಾಸಿನ ಮನುಷ್ಯ, ಅಜ್ಜನ ಕಾಲದಿಂದಲೂ ಸನಾದಿಯ ಮನೆತನ. ಉಸಿರು ಕಡಿಯದೆ ಷಡ್ಜ ಹಿಡಿದರೆ ರೆಕಾರ್ಡಿಂಗ್ ಮಾಡುವ ಎಂಜಿನಿಯರ್ ಕೂಡ ಮೀಟರ್ ನೋಡುವುದನ್ನು ಮರೆಯುತ್ತಿದ್ದ. ಅವನ ಮೊದಲ ಎರಡು ಕಚೇರಿ ಪ್ರಸಾರವಾದ ಮೇಲೆ ಆ ಸುಗ್ಗಿಗೆ ಹನ್ನೊಂದು ಮದುವೆಯವರು ಮನೆಗೆ ಬಂದು ವೀಳ್ಯ ಕೊಟ್ಟು ಹೋಗಿದ್ದರು. ವೀಳ್ಯ ಹಿಡಿದರೆ ಮಾತು ಆದಂತೆ. ಆ ಎರಡು ತಿಂಗಳ ದುಡಿಮೆಯಲ್ಲೇ ಅವನ ಮನೆಯ ವರ್ಷ ಸಾಗಬೇಕಿತ್ತು.

ಮುಂದಿನ ರೆಕಾರ್ಡಿಂಗಿಗೆ ಅವನು ಶುಕ್ರವಾರ ಬರಬೇಕಿತ್ತು, ಬರಲಿಲ್ಲ. ಅವನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಹೋಟೆಲಿಗೆ ಮಾಡಿದೆ. ಎತ್ತಿದವರು ಹೋಟೆಲಿನ ಮಾಲೀಕರು.

“ಯಲ್ಲಪ್ಪ ಮಣ್ಣಿಗೆ ಹೋಗ್ಯಾನ್ರಿ ಸಾಹೇಬ್ರ” ಎಂದರು.

ಏನಾಗಿತ್ತು ಎಂದು ಕೇಳಿದೆ. ಎದೆನೋವು ಎಂದರು. ಯಾವಾಗ ಎಂದೆ. ರಾತ್ರಿಯೇ ಅಂತೆ, ಆಸ್ಪತ್ರೆಗೆ ಒಯ್ಯುವಷ್ಟೂ ಪುರಸೊತ್ತು ಸಿಗಲಿಲ್ಲವಂತೆ ಎಂದರು. ಲೈನು ಕಟ್ಟಾಯಿತು.

ಸಾವಿನ ಸುದ್ದಿಯನ್ನು ಎರಡು ಕಡೆಯಿಂದ ಖಚಿತಪಡಿಸಿಕೊಳ್ಳಬೇಕು ಎಂಬುದು ನಮ್ಮಲ್ಲಿನ ನಿಯಮ. ನಾನು ಎರಡನೆಯ ಫೋನು ಮಾಡಲಿಲ್ಲ. ಕಣ್ಣು ಒದ್ದೆ ಮಾಡಿಕೊಂಡು ಬರೆಯಲು ಕುಳಿತೆ. ಬರೆದದ್ದು ಚೆನ್ನಾಗಿ ಬಂತು ಎಂಬ ಸಂತೋಷವೂ ಇತ್ತು, ಅದನ್ನು ಇವತ್ತು ಮುಚ್ಚಿಡುವುದಿಲ್ಲ. ಉಳಿದಿದ್ದ ಒಂದು ಟೇಪಿನಿಂದ ಕರುಣರಸದ ಭಾಗವನ್ನೇ ಆರಿಸಿ ಮುಂದಿಟ್ಟೆ. ಅದನ್ನು ಓದಬೇಕಾಗಿದ್ದ ಉದ್ಘೋಷಕಿ ಸುನಂದಾ ಧಾರವಾಡದವರು. ಕಾಗದ ಓದಿ ತಲೆ ಎತ್ತಿದರು.

“ಸರ್, ಖಾತ್ರಿ ಮಾಡ್ಕೊಂಡೀರಿಲ್ಲೋ?”

ನಾನೇ ಫೋನಿನಲ್ಲಿ ಮಾತಾಡಿದ್ದೇನೆ ಎಂದೆ, ಕೊಂಚ ಗಡುಸಾಗಿಯೇ. ಅವರು ಮತ್ತೆ ಕೇಳಲಿಲ್ಲ.

ಭಾನುವಾರ ಎಂಟೂವರೆಗೆ, ಜವಳಿ ಅಂಗಡಿಯ ಹೆಸರಾದ ಮೇಲೆ, ‘ನಮ್ಮನ್ನಗಲಿದ ಸನಾದಿ ವಾದಕ ಯಲ್ಲಪ್ಪನವರಿಗೆ ಶ್ರದ್ಧಾಂಜಲಿ’ ಆ ಸೀಮೆಯ ಮನೆಮನೆಗೂ ಹೋಯಿತು.

ಸೋಮವಾರ ಬೆಳಿಗ್ಗೆ ಜವಳಿ ವ್ಯಾಪಾರಿಯ ಫೋನು. ಮದುವೆ ಸೀರೆಯ ಜೊತೆ ಹೆಣದ ಸುದ್ದಿ ಹೇಳಿಸಿದಿರಲ್ಲ, ಅದೂ ಬದುಕಿರುವವನ ಹೆಣ, ಎಂದು ಬಾಯಿಗೆ ಬಂದಂತೆ ಬೈದರು. ಸುನಂದಾ ಅವರನ್ನು ಕರೆದು ಹೋಟೆಲಿನವರ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತು ಅದರ ಅರ್ಥ ಬಿಡಿಸಿ ಹೇಳಿದರು. ಇಲ್ಲಿ ಮಣ್ಣು ಎಂದರೆ ಹೂಳುವ ಕಾರ್ಯ. ಮಣ್ಣಿಗೆ ಹೋಗುವುದೆಂದರೆ ಸತ್ತವರ ಅಂತ್ಯಕ್ರಿಯೆಗೆ ಹೋಗುವುದು. ಎದೆನೋವಿನಿಂದ ತೀರಿಕೊಂಡದ್ದು ತೊರಗಲ್ಲಿನಲ್ಲಿದ್ದ ಯಲ್ಲಪ್ಪನ ಭಾವ. ಯಲ್ಲಪ್ಪ ಅವರ ಮಣ್ಣಿಗೆ ಹೋಗಿ, ಅಕ್ಕನ ಜೊತೆ ಮೂರು ದಿನ ಅಲ್ಲೇ ಉಳಿದಿದ್ದ. ನಾನು ಅವನನ್ನೇ ಹೂತುಬಿಟ್ಟಿದ್ದೆ.

ಮಂಗಳವಾರ ಯಲ್ಲಪ್ಪ ನಿಲಯಕ್ಕೆ ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಹಗುರವಾಗುತ್ತಿತ್ತು. ಒಂಬತ್ತು ಮನೆಯವರು ಬೇರೆ ಸನಾದಿಯವರಿಗೆ ವೀಳ್ಯ ಕೊಟ್ಟಾಗಿದೆ, ಉಳಿದವರು ಬಾಯಿ ಬಿಡುತ್ತಿಲ್ಲ ಎಂದು ಮೆಲ್ಲಗೆ ಹೇಳಿದ. ಸಾವಿನ ಸುದ್ದಿ ಹೋದ ಕಾರ್ಯಕ್ರಮದಲ್ಲೇ, ಅದೇ ಹೊತ್ತಿಗೆ, ತಾನು ಬದುಕಿದ್ದೇನೆಂದು ಹೇಳಿಸಬೇಕು ಎಂಬುದಷ್ಟೇ ಅವನ ಬೇಡಿಕೆ.

ಅದೂ ಆಗಲಿಲ್ಲ. ತನ್ನ ಕಾರ್ಯಕ್ರಮದಲ್ಲಿ ಸಾವೆಂಬ ಶಬ್ದ ಇನ್ನೊಮ್ಮೆ ಬರಕೂಡದು ಎಂದು ವ್ಯಾಪಾರಿ ಪಟ್ಟು ಹಿಡಿದರು. ಆ ವೇಳೆ ಅವರದ್ದು. ಕೊನೆಗೆ ಮಧ್ಯಾಹ್ನದ ಕೃಷಿ ಸಲಹೆಯ ನಂತರ ಎರಡು ಸಾಲಿನ ವಿಷಾದ ಓದಿದೆವು. ಆ ಹೊತ್ತಿಗೆ ರೇಡಿಯೋ ಹಾಕುವವರೆಷ್ಟು ಮಂದಿ!

ಮನಸ್ಸು ತಡೆಯದೆ ರಜೆ ಹಾಕಿ ಯಲ್ಲಪ್ಪನ ಜೊತೆ ಸವದತ್ತಿಗೆ ಹೊರಟೆ. ವೀಳ್ಯ ಕೊಟ್ಟಿದ್ದ ಒಬ್ಬ ಹಿರಿಯರ ಮನೆ. ಕುಂತ್ರಿ ಎಂದರು, ಚಹಾ ತರಿಸಿದರು. ತಪ್ಪೆಲ್ಲ ನನ್ನದು, ಇವನದ್ದೇನೂ ಇಲ್ಲ ಎಂದು ಕೈಮುಗಿದು ಹೇಳಿದೆ. ಅವರು ಯಲ್ಲಪ್ಪನ ಕಡೆ ನೋಡದೆ ನನಗೆ ಉತ್ತರ ಕೊಟ್ಟರು.

“ನಿಮ್ಮ ತಪ್ಪಂತ ನಮಗೂ ತಿಳದೈತ್ರಿ. ಆದ್ರ ಇದು ಮಗಳ ಮದುವಿ. ಸತ್ತಾನಂತ ಊರೆಲ್ಲಾ ಕೇಳಿದ ಸನಾದಿ ಹಂದರದಾಗ ಹೆಂಗ ಊದಸೂದ್ರಿ?”

ಅವರನ್ನು ಮೌಢ್ಯದವರು ಎಂದು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಮೌಢ್ಯಕ್ಕೆ ಕಾರಣ ಒದಗಿಸಿದವನು ನಾನೇ. ಯಲ್ಲಪ್ಪ ಚಹಾ ಮುಟ್ಟಿರಲಿಲ್ಲ. ಆ ಸುಗ್ಗಿಯಲ್ಲಿ ಅವನು ಒಂದು ಮದುವೆಗೂ ಊದಲಿಲ್ಲ.

ನಿಲಯದಲ್ಲಿ ನನಗೊಂದು ಮೆಮೊ ಸಿಕ್ಕಿತು, ನನ್ನ ಉತ್ತರ ಫೈಲಿಗೆ ಸೇರಿತು, ಅಲ್ಲಿಗೆ ಮುಗಿಯಿತು. ಬೇರೆ ಕಾರ್ಯಕ್ರಮಕ್ಕಾದರೂ ಬಾ ಎಂದು ಯಲ್ಲಪ್ಪನಿಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ಮರುವರ್ಷ ನವಿಲುತೀರ್ಥದ ಅಣೆಕಟ್ಟಿನ ಮೇಲೆ ರೂಪಕವೊಂದನ್ನು ರೆಕಾರ್ಡ್ ಮಾಡಲು ಹೋಗುತ್ತಿದ್ದಾಗ ಮುನವಳ್ಳಿ ಹತ್ತಿರ ಶವಯಾತ್ರೆಯೊಂದು ಎದುರಾಯಿತು. ಜೀಪು ನಿಲ್ಲಿಸಿ ಇಳಿದು ನಿಂತೆವು. ಮುಂದೆ ಸನಾದಿ ಊದುತ್ತಿದ್ದವನು ಯಲ್ಲಪ್ಪ. ನನ್ನನ್ನು ಗುರುತಿಸಿದ, ಊದುವುದನ್ನು ಪಕ್ಕದವನಿಗೆ ಬಿಟ್ಟು ಬಳಿಗೆ ಬಂದು ನಮಸ್ಕಾರ ಮಾಡಿದ. ಹೇಗಿದ್ದೀಯ ಎಂದೆ.

“ಸುಮ್ಮನ ಕುಂತಿಲ್ರಿ ಸಾಹೇಬ್ರ, ಊದಾಕ ಹತ್ತೇನಿ. ಇಂಥಲ್ಲಿ ನನ್ನ ಬ್ಯಾಡ ಅನ್ನಾವ್ರು ಯಾರೂ ಇಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಓಡುನಡಿಗೆಯಲ್ಲಿ ಹೋಗಿ ಮತ್ತೆ ಜನರ ಮುಂದೆ ಸೇರಿಕೊಂಡ.

ಆಮೇಲೆ ಹದಿನಾಲ್ಕು ವರ್ಷ ಸೇವೆಯಲ್ಲಿದ್ದೆ. ಕೈಕೆಳಗೆ ಬಂದ ಹೊಸಬರಿಗೆಲ್ಲ ಒಂದೇ ಮಾತು ಹೇಳಿದೆ: ನಿಮ್ಮ ಸೀಮೆಯದಲ್ಲದ ಮಾತು ಕಿವಿಗೆ ಬಿದ್ದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳಿ. ಯಾರ ಮಣ್ಣಿಗೆ ಎಂದು ನಾನು ಕೇಳಿದ್ದರೆ ಸಾಕಿತ್ತು. ಅವರೆಲ್ಲ ಆ ಪಾಠ ಚೆನ್ನಾಗಿ ಕಲಿತರು. ಯಲ್ಲಪ್ಪನಿಗೆ ಅದರಿಂದ ಏನೂ ಆಗಲಿಲ್ಲ.