ಅಜ್ಜಿ ತಾನೇ ಹಾಕಿಕೊಂಡ ಮುತ್ತಿನ ಸರ

ಸರ್ರ್ರ್, ಆಮೇಲೆ ಒಂದು ಟಣ್. ಹಿತ್ತಾಳೆ ತಟ್ಟೆಗೆ ಮುತ್ತಿನ ಸರ ಜಾರಿ ಬಿದ್ದ ಸದ್ದು ಅದು. ಕೊನೆಯ ಟಣ್ ಮುರಿದ ಕೊಂಡಿಯದು. ಕಾಲಿಂಗ್ ಬೆಲ್ ಹೊಡೆದರೂ ನನಗೆ ಕೇಳಿಸುವುದಿಲ್ಲ ಅಂತ ಈಗ ಮನೆಯಲ್ಲಿ ಎಲ್ಲರದೂ ಕಂಪ್ಲೇಂಟು. ಆ ಸದ್ದು ಮಾತ್ರ ಇವತ್ತಿಗೂ ಕ್ಲಿಯರ್ ಆಗಿ ಕೇಳಿಸುತ್ತದೆ.

ಸರ ಹಾಕಿಕೊಳ್ಳುವಾಗ ಅಜ್ಜಿ ಮಡಿಲಲ್ಲಿ ತಟ್ಟೆ ಇಟ್ಟುಕೊಂಡೇ ಕೂರುತ್ತಿದ್ದಳು. ಮುತ್ತು ಉದುರಿದರೆ ಮಣ್ಣಿನ ನೆಲದಲ್ಲಿ ಹುಡುಕುವವರು ಯಾರು? ಯಲಹಂಕದಿಂದ ಬಾಗಲೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಹಿಂದುಗಡೆ ದ್ರಾಕ್ಷಿ ಚಪ್ಪರ. ಮೊದಲ ಸಲ ಫಸಲು ಚೆನ್ನಾಗಿ ಬಂದ ವರ್ಷ ತಾತ ಪೇಟೆಗೆ ಹೋಗಿ ಈ ಎರಡೆಳೆ ಸರ ತಂದಿದ್ದ. ಅದರ ಕೊಂಡಿ ತಿರುಪಿನದು, ಭತ್ತದ ಕಾಳಿನಷ್ಟು ಸಣ್ಣದು, ಕುತ್ತಿಗೆಯ ಹಿಂದೆ ತಿರುಗಿಸಿ ತಿರುಗಿಸಿ ಸೇರಿಸಬೇಕು. ಬಾವಿಯ ಹಗ್ಗ ಎಳೆದು ಒರಟಾದ ಅಜ್ಜಿಯ ಬೆರಳಿಗೆ ಅದು ಸಿಗುತ್ತಲೇ ಇರಲಿಲ್ಲ. ಹಬ್ಬದ ದಿನ ತಾತನೇ ಅವಳ ಹಿಂದೆ ನಿಂತು ತಿರುಪು ಹಾಕಬೇಕಿತ್ತು, ಬೈಗುಳದ ಸಮೇತ.

"ಅಲ್ಲಾಡ್ಬ್ಯಾಡ ಕಣೇ! ಎಮ್ಮೆಗೆ ಅಗ್ಗ ಕಟ್ಟೋದು ಇದಕ್ಕಿಂತ ಸಲೀಸು."

"ಎಮ್ಮೆಗೆ ಸರ ತಂದ್ಕೊಡು ಅಂಗಾರೆ."

ನನ್ನನ್ನು ಕಾನ್ವೆಂಟಿಗೆ ಸೇರಿಸಿದ್ದೂ ತಾತನೇ. ಅಲ್ಲಿಯ ಅಡುಗೆಮನೆಗೆ ದ್ರಾಕ್ಷಿ ಬುಟ್ಟಿ ಇಳಿಸಲು ಹೋಗುತ್ತಿದ್ದವನು ಒಂದು ದಿನ ಬುಟ್ಟಿಯ ಜೊತೆ ನನ್ನನ್ನೂ ಇಳಿಸಿ ಬಂದ ಅಂತ ನಮ್ಮ ಮನೆಯ ಜೋಕು. ಬೋರ್ಡಿಂಗಿನಲ್ಲಿದ್ದು ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ತಾತ ತೀರಿಕೊಂಡ. ಅಜ್ಜಿಯ ತಾಳಿ, ಬಳೆ, ಕುಂಕುಮ ಎಲ್ಲ ಹೋದವು. ಸರ ಮಾತ್ರ ಅವಳ ಪೆಟ್ಟಿಗೆಯಲ್ಲೇ ಉಳಿಯಿತು. ಮರುವರ್ಷ ಬೇಸಿಗೆ ರಜೆಯಲ್ಲಿ, ಬ್ಯಾಟರಾಯನಪುರದಲ್ಲಿ ನೆಂಟರ ಮದುವೆ ಹತ್ತಿರ ಬಂದಾಗ, ಅದನ್ನು ಹೊರಗೆ ತೆಗೆದಳು.

"ಮದ್ವೆಗೆ ಇದ್ನ ಆಕ್ಕೊಂಡು ಬತ್ತೀನಿ."

ನನ್ನ ಅಮ್ಮ, ದೊಡ್ಡಮ್ಮ ಇಬ್ಬರೂ ಅಜ್ಜಿಯ ಸೊಸೆಯರು. ಮುಖ ಮುಖ ನೋಡಿಕೊಂಡರು. ಕೊನೆಗೆ ದೊಡ್ಡಮ್ಮನೇ ಬಾಯಿ ಬಿಟ್ಟಳು.

"ಅತ್ತೆಮ್ಮಾ, ಮಾವ ಓದ್ಮೇಲೆ... ಜನ ಏನಂದಾರು?"

"ತಾಳಿ ಅವ್ನು ಕಟ್ಟಿದ್ದು, ಅವ್ನ ಜೊತೆ ಓಯ್ತು. ಇದು ದ್ರಾಕ್ಷಿದು. ಬಳ್ಳಿಗೆ ನೀರು ಒತ್ತೋಳು ನಾನು. ದ್ರಾಕ್ಷಿ ಏನ್ ಸತ್ತೋಗೈತಾ?"

ಅಜ್ಜಿ ತಟ್ಟೆ ಮಡಿಲಲ್ಲಿಟ್ಟುಕೊಂಡು, ಸೊಸೆಯರಿಗೆ ಬೆನ್ನು ಮಾಡಿ ಕೂತು, ಸರದ ಎರಡು ತುದಿಗಳನ್ನು ಹಿಂದಕ್ಕೆ ಹಿಡಿದು ಕಾದಳು. ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ದೊಡ್ಡಮ್ಮ ಬಟ್ಟೆ ಹರವಲು ಹೊರಟಳು. ಗಂಡ ಸತ್ತವಳ ಕೊರಳಿಗೆ ಮುತ್ತೈದೆಯೊಬ್ಬಳು ಕೈಯಾರೆ ಒಡವೆ ತೊಡಿಸಿದರೆ ಅದೇ ಗತಿ ಅವಳಿಗೂ ಬರುತ್ತದೆ ಅನ್ನುವ ಭಯ. ಕೆಟ್ಟವರಲ್ಲ ಅವರು, ಹೆದರಿದವರು. ನಾನು ಎದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತ ಅಮ್ಮನ ಕಣ್ಣು ನನ್ನನ್ನು ಮತ್ತೆ ಕೂರಿಸಿತು. ನಾಳೆ ಮದುವೆಯಾಗಿ ಹೋಗಬೇಕಾದ ಹುಡುಗಿ ನಾನು.

ಕಾದು ಕಾದು ಅಜ್ಜಿ ತಾನೇ ತಿರುಪು ಹಾಕಿಕೊಳ್ಳಲು ಹೋದಳು. ಅದು ಓರೆಯಾಗಿ ಕೂತಿತು. ಇವಳು ಬಿಡಲಿಲ್ಲ, ಒತ್ತಿ ತಿರುಗಿಸಿದಳು. ಆ ಸದ್ದು ಆದದ್ದು ಆಗಲೇ.

"ಮದ್ವೆ ಕಳೀಲಿ ಬಿಡಿ ಅತ್ತೆಮ್ಮಾ," ಹೊರಗಿನಿಂದ ಓಡಿಬಂದ ದೊಡ್ಡಮ್ಮನ ದನಿಯಲ್ಲಿ ಎಷ್ಟೊಂದು ರಿಲೀಫು! "ಆಮೇಲೆ ಆಚಾರಿಗೆ ಕೊಟ್ಟು ಒಸಾ ತಿರುಪು ಆಕ್ಸಿದ್ರಾಯ್ತು."

ಅಜ್ಜಿ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ನನ್ನನ್ನು ಚಪ್ಪರದ ಕೆಳಗೆ ಕರೆದಳು.

"ಒಸಾ ತಿರುಪು ಆಕ್ಸಿದ್ರೆ ಮತ್ತೆ ಯಾರಿಗೆ ಬೆನ್ ಕೊಟ್ಟು ಕಾಯ್ಲಿ ಮಗಾ? ನಿನ್ ಇಸ್ಕೂಲಲ್ಲಿ ಒಲಿಗೆ ಕಲ್ಸವ್ರಲ್ಲ. ರವಿಕೆಗೆ ಗುಂಡಿ ಆಕ್ಕೊಳ್ಳಲ್ವಾ, ಅಂಗೆ ಮುಂದ್ಗಡೆಯಿಂದ ಆಕ್ಕೊಳ್ಳಂಗೆ ಏನಾರ ಮಾಡು. ಇಲ್ಲಾಂದ್ರೆ ನಾನು ಮದ್ವೆಗೇ ಬರಾಕಿಲ್ಲ."

ಐಡಿಯಾ ಅವಳದು, ಕೈ ನನ್ನದು. ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ನಮ್ಮ ಸಿಸ್ಟರ್ ಬಟ್ಟೆಯನ್ನು ಮೊದಲು ಉಲ್ಟಾ ತಿರುಗಿಸಿ ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ಅವರ ಕೈಯಲ್ಲಿ ಪಾಸಾಗಿದ್ದವಳು ನಾನು. ದಾರದ ಒಂದು ಕುಣಿಕೆ, ಅದರ ಮೇಲೆ ಒತ್ತೊತ್ತಾಗಿ ಬಟನ್‌ಹೋಲ್ ಸ್ಟಿಚ್. ಆ ಕಡೆ ಒಂದು ಗುಂಡಿ ಬೇಕು. ಆಗ ತಾನೇ ಇಂಗ್ಲಿಷ್ ನಾವೆಲ್ಲು ಓದಲು ಶುರು ಮಾಡಿದ್ದೆನಲ್ಲ, ತಾತನ ಕರೀ ಕೋಟಿನ ಗುಂಡಿ ಹಾಕಿದರೆ ಎಷ್ಟು ರೊಮ್ಯಾಂಟಿಕ್ ಅನ್ನಿಸಿತು.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ಗುಂಡಿ ನಿಮ್ ತಾತನ ಒಟ್ಟೆ ಮೇಲೇ ನಿಲ್ತಿರ್ಲಿಲ್ಲ. ನನ್ ಕತ್ ಮೇಲೆ ನಿಲ್ತದಾ? ತಗಾ, ಇದ್ನ ಆಕು." ನಾನು ಕೂಸಾಗಿದ್ದಾಗ ಸೊಂಟಕ್ಕೆ ಕಟ್ಟಿದ್ದ ಬೆಳ್ಳಿ ಉಡಿದಾರದ ಗುಂಡೊಂದನ್ನು ಪೆಟ್ಟಿಗೆಯಿಂದ ಹುಡುಕಿ ಕೊಟ್ಟಳು.

ನನ್ನ ಮೊದಲ ಅಟೆಂಪ್ಟ್ ಫ್ಲಾಪ್. ಬಿಳಿ ಹತ್ತಿ ದಾರದಲ್ಲಿ ಹಾಕಿದ ಕುಣಿಕೆ ನೋಡಲು ನೀಟಾಗಿತ್ತು. ಟೆಸ್ಟ್ ಮಾಡ್ತೀನಿ ಅಂತ ಅಜ್ಜಿ ಅದನ್ನು ಹಾಕಿಕೊಂಡು ಹಿತ್ತಲ ತೊಟ್ಟಿಯ ನೀರಿಗೆ ಬಗ್ಗಿದಳು. ದಾರ ಜಗ್ಗಿ, ಗುಂಡು ಕುಣಿಕೆಯಿಂದ ಜಾರಿ, ಸರ ಸೀದಾ ತೊಟ್ಟಿಯೊಳಗೆ. ಹಿತ್ತಲಲ್ಲಿದ್ದ ಅಮ್ಮ ಓಡಿ ಬಂದು ತೋಳಿನವರೆಗೆ ಕೈ ಹಾಕಿ ತೆಗೆದುಕೊಟ್ಟಳು. ಅವಳಿಗೆ ಎಲ್ಲ ಅರ್ಥವಾಗಿರಬೇಕು. ಆದರೂ "ಮುತ್ತಿಗೂ ಸ್ನಾನ ಆಯ್ತು" ಅಂತಷ್ಟೇ ಹೇಳಿ ಹೋದಳು.

ಆಮೇಲೆ ಅಜ್ಜಿ ತನ್ನ ಧಾರೆ ಸೀರೆ ತಂದು ನನ್ನ ಮುಂದೆ ಹಾಸಿದಳು. ಸೆರಗಿನ ಕುಚ್ಚಿನಿಂದ ರೇಷ್ಮೆ ಎಳೆ ಬಿಡಿಸು ಅಂದಳು. ನಾನು ಹಿಂದೆಮುಂದೆ ನೋಡಿದೆ.

"ಎಳಿ ಎಳಿ. ಉಡಂಗಂತೂ ಇಲ್ಲ. ದಾರಕ್ಕಾದ್ರೂ ಆಗ್ಲಿ."

ಕಡುಗೆಂಪು ರೇಷ್ಮೆ. ಎಳೆ ಸೇರಿಸಿ ಹುರಿ ಮಾಡಿ ಕುಣಿಕೆ ಹೊಲಿದೆ. ಅಜ್ಜಿ ಈ ಸಲ ನನ್ನನ್ನು ನಂಬಲಿಲ್ಲ. ಒಂದು ತಂಬಿಗೆ ತುಂಬ ನೀರು ತುಂಬಿ ಆ ಕುಣಿಕೆಗೆ ನೇತುಹಾಕಿ, ನಾವಿಬ್ಬರೂ ಊಟ ಮಾಡಿ ಬರುವವರೆಗೆ ಹಾಗೇ ಬಿಟ್ಟಳು. ಒಂದು ಎಳೆಯೂ ಜಗ್ಗಲಿಲ್ಲ. ಆಮೇಲೆ ಮುರಿದ ತಿರುಪನ್ನು ಪೂರ್ತಿ ತೆಗೆದು, ಸರದ ಒಂದು ತುದಿಗೆ ಕುಣಿಕೆ, ಇನ್ನೊಂದಕ್ಕೆ ಬೆಳ್ಳಿ ಗುಂಡು ಭದ್ರ ಮಾಡಿದೆ. ಉಲ್ಟಾ ಕಡೆಯಲ್ಲೂ ಒಂದು ಗಂಟು ಕಾಣದಂತೆ.

ಮದುವೆಯ ಬೆಳಿಗ್ಗೆ ಅಜ್ಜಿ ಯಾರನ್ನೂ ಕರೆಯದೆ ಸರ ಹಾಕಿಕೊಂಡು ಹೊರಬಂದಳು. ಗುಂಡು, ಕುಣಿಕೆ ಎರಡೂ ಎದುರಿಗೇ ಎದ್ದು ಕಾಣುತ್ತಿದ್ದವು.

"ಅಜ್ಜಿ, ಕೊಂಡಿನ ಹಿಂದಕ್ಕೆ ತಿರುಗಿಸ್ಕೋಬೇಕು. ಅದು ಪ್ರಾಪರ್."

"ಇಂದಕ್ಯಾಕೆ? ಕಷ್ಟಪಟ್ಟು ಮಾಡಿದೀಯ, ಕಾಣ್ಲಿ."

ಮದುವೆ ಚಪ್ಪರದಲ್ಲಿ ಹೆಂಗಸರ ಗುಂಪು ಸೇರಿತ್ತು. ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯಿಂದ ಬಂದಿದ್ದ ಅಜ್ಜಿಯ ಓರಗಿತ್ತಿ, ತಾತನ ತಮ್ಮನ ಹೆಂಡತಿ, ಅಷ್ಟೂ ಜನಕ್ಕೆ ಕೇಳುವಂತೆ ಕೇಳಿಯೇಬಿಟ್ಟಳು. "ಅಲ್ಲಕ್ಕಾ, ಯಾವ್ ಪುಣ್ಯಾತ್ಗಿತ್ತಿ ಆಕಿದ್ಲು ಇದ್ನ ನಿನ್ ಕತ್ತಿಗೆ?"

ಅಮ್ಮ, ದೊಡ್ಡಮ್ಮ ಇಬ್ಬರ ಮುಖವೂ ಬಿಳುಚಿಕೊಂಡಿತು. ಆ ಪ್ರಶ್ನೆ ಅವರಿಗೇ ಗುರಿಯಿಟ್ಟದ್ದು.

ಅಜ್ಜಿ ಎಲ್ಲರೆದುರಿಗೆ ಗುಂಡನ್ನು ಕುಣಿಕೆಯಿಂದ ಬಿಡಿಸಿದಳು. ಸರ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದಳು. ಮತ್ತೆ ಕೊರಳಿಗೆ ಹಾಕಿ, ಕೆಳಗೆ ನೋಡದೆ, ಓರಗಿತ್ತಿಯ ಮುಖವನ್ನೇ ನೋಡುತ್ತ ಕುಣಿಕೆ ಸೇರಿಸಿದಳು.

"ನಾನೇ ಆಕ್ಕೊಂಡೆ. ಕಂಡ್ಯಾ? ಇನ್ನೊಂದ್ಸಲ ತೋರುಸ್ಲಾ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಓರಗಿತ್ತಿ ಗೊಣಗುತ್ತಲೇ ಹತ್ತಿರ ಬಂದು ಕುಣಿಕೆಯನ್ನು ಎಳೆದು ನೋಡಿದಳು, ತಿರುಗಿಸಿ ನೋಡಿದಳು.

"ಗಟ್ಟಿ ಐತೆ ಕಣಕ್ಕ. ಯಾರ್ದು ಒಲಿಗೆ?"

"ನನ್ ಮೊಮ್ಮಗ್ಳುದು. ಇಂಗ್ಲೀಸ್ ಒಲಿಗೆ."

"ನನ್ ಸರದ ತಿರುಪೂ ಸವ್ದೋಗೈತೆ..." ಅಂದಳು, ಈ ಸಲ ಮೆಲ್ಲಗೆ.

ಕಾನ್ವೆಂಟಿನಲ್ಲಿ ನನಗೆ ಪ್ರೈಜುಗಳು ಬಂದಿವೆ, ಸ್ಟೇಜಿನ ಮೇಲೆ ಕರೆದು ಕೊಟ್ಟಿದ್ದಾರೆ. ಆ ಚಪ್ಪರದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ನನ್ನ ಹೊಲಿಗೆ ನೋಡಿದ್ದಕ್ಕೆ, ಅವರ ನಡುವೆ ಅಜ್ಜಿ ತಲೆ ಎತ್ತಿ ನಿಂತಿದ್ದಕ್ಕೆ ಅದ್ಯಾವುದೂ ಸಮ ಬರಲಿಲ್ಲ.

ಅರವತ್ತರ ದಶಕದ ನಡುವೆ ನನಗೂ ಮದುವೆಯಾಗಿ ಪುಣೆಗೆ ಹೊರಟೆ. ಅಷ್ಟರಲ್ಲಿ ಕುಣಿಕೆ ಸವೆದಿತ್ತು. ಹೊರಡುವ ಮೊದಲು ಅಜ್ಜಿಗೆ ಹೊಸದು ಹಾಕಿಕೊಟ್ಟೆ. ಹಾಗೇ ಕೇಳಿಯೂ ಬಿಟ್ಟೆ, "ಅಜ್ಜಿ, ಈ ಸರ ನಂಗ್ ಕೊಡ್ತೀಯಾ?"

"ಸತ್ಮ್ಯಾಲೆ ತಗಾ. ಈಗ್ಲೇ ಕಣ್ ಆಕ್ಬ್ಯಾಡ."

ಯಶವಂತಪುರ ಸ್ಟೇಷನ್ನಿಗೆ ಮನೆಯವರೆಲ್ಲ ಬಂದಿದ್ದರು. ಹೊಸ ಮದುವಣಗಿತ್ತಿ ಪ್ರಯಾಣ ಹೊರಡುವಾಗ ವಿಧವೆ ಎದುರಿಗೆ ನಿಲ್ಲಬಾರದು ಅನ್ನುತ್ತಿದ್ದ ಕಾಲ. ದೊಡ್ಡಮ್ಮ ನಯವಾಗಿ ಹೇಳಿದಳು, "ಅತ್ತೆಮ್ಮಾ, ಆ ಕಂಬದ ಇಂದೆ ನೆರಳೈತೆ, ಅಲ್ಲಿ ಕೂತ್ಕಳಿ."

"ನಂಗೆ ಬಿಸ್ಲೇ ವಾಸಿ," ಅಂದಳು ಅಜ್ಜಿ. ನೇರ ನನ್ನ ಕಿಟಕಿಯ ಮುಂದೆ ಬಂದು ನಿಂತಳು. ಅಮ್ಮ ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತಳು.

ನಾನು ಅಜ್ಜಿಯನ್ನು ಕೊನೆಯ ಸಲ ನೋಡಿದ್ದು ಹಾಗೆ. ಟ್ರೇನು ಅಲುಗಿದಾಗ ಎಲ್ಲರೂ ಕೈ ಬೀಸಿದರು. ಅವಳು ಬೀಸಲಿಲ್ಲ, ಆ ಅಭ್ಯಾಸ ಅವಳಿಗಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮುತ್ತು ಹಾಕಿಕೊಂಡು, ಪ್ಲಾಟ್‌ಫಾರ್ಮಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು.