ಕನ್ನಡಿಯಲ್ಲಿ ಕಂಡ ಓದು

‘ರಜಿಯಾಗೆ ಓದು ಹತ್ತುವುದಿಲ್ಲ’ ಎಂದು ದುರ್ಗದಬೈಲಿನಲ್ಲಿ ಎಲ್ಲರೂ ಹೇಳುತ್ತಾರೆ. ಪುರಾವೆ ಏನು? ಅವಳು ಪುಸ್ತಕದ ಮುಂದೆ ಸುಮ್ಮನೆ ಕೂಡುತ್ತಾಳೆ, ಅಷ್ಟೇ. ಪಾತ್ರೆಗೆ ಕಲಾಯಿ ಹಾಕುವ ಅವಳಪ್ಪ ಶಾಲೆ ಬಿಡಿಸಲು ಬಂದ ದಿನ, ತಂಗಿಯನ್ನು ಕರೆತರಲು ಹೋಗಿದ್ದ ನಾನೂ ಅಲ್ಲಿದ್ದೆ. ಅವಳಿಗೆ ಕಲಿಸುವ, ಶರೀರಶಾಸ್ತ್ರವನ್ನೂ ಓದಿಕೊಂಡಿದ್ದ ಅಕ್ಕೋರು, ಹಿಂದೆ ನಿಂತ ನಮಗೆ ಹುಡುಗಿಯ ಕಣ್ಣು ಕಾಣುವಂತೆ ಪುಸ್ತಕದ ಪಕ್ಕ ಕನ್ನಡಿ ಇಟ್ಟರು.

“ಓದು ಕಲಸಾಕ ಶರೀರಶಾಸ್ತ್ರ ಯಾಕ್ರಿ ಅಕ್ಕೋರ?” ಎಂದು ಕಾಲೇಜಿನ ಚರ್ಚಾಕೂಟದ ಚಟದಲ್ಲಿ ಕೆಣಕಿದೆ.

“ಇದು ನಿಮ್ಮ ಚರ್ಚಾಕೂಟ ಅಲ್ರಿ. ಮೊದಲ ಈಕಿ ಕಣ್ಣ ನೋಡ್ರಿ.”

ರಜಿಯಾಳ ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ಸಾಲಿನ ಮೇಲೆ ಜಿಗಿದು, ನಿಂತು, ಕಠಿಣ ಶಬ್ದಕ್ಕೆ ಹಿಂತಿರುಗಿ, ಮತ್ತೆ ಮುಂದಕ್ಕೆ ಜಿಗಿಯುತ್ತಿತ್ತು. ಸುಮ್ಮನೆ ಕೂತವಳು ಒಳಗೊಳಗೇ ಓದುತ್ತಿದ್ದಳು!

ಕನ್ನಡಿಗೆ ಬಾಗಿದ ಅವಳಪ್ಪ ತಲೆ ಎತ್ತಲೇ ಇಲ್ಲ. ನಾನೇ ಕೇಳಿದೆ: “ಕಾಕಾ, ಇನ್ನೂ ಸಾಲಿ ಬಿಡಸ್ತೀರೇನ್ರಿ?”